ಕಣ್ಣನ್ನು ಕಾಣುವ ಬೆಳಕು

ನಮ್ಮ ನೆರೆಯಲ್ಲಿದ್ದ ಹಿರಿಯರೊಬ್ಬರಿಗೆ ಪ್ರತಿದಿನವೂ ವೃತ್ತಪತ್ರಿಕೆಯನ್ನು ಓದುವ ಅಭ್ಯಾಸವಿತ್ತು. ಒಂದು ದಿನ ಪತ್ರಿಕೆಯ ನೇರವಾದ ಸಾಲುಗಳು ಅವರಿಗೆ ಡೊಂಕಾಗಿ ಕಂಡವು. ಕಣ್ಣಿನಲ್ಲಿ ನೋವಿರಲಿಲ್ಲ, ಕೆಂಪೂ ಇರಲಿಲ್ಲ. ಕನ್ನಡಕ ಹಳೆಯದಾಯಿತೆಂದು ಭಾವಿಸಿ ಅವರು ಸುಮ್ಮನಾದರು. ವರ್ಷ ಕಳೆಯುವಷ್ಟರಲ್ಲಿ ಎದುರಿಗೆ ನಿಂತವರ ಮುಖವೇ ಅವರಿಗೆ ಕಾಣದಾಯಿತು. ಸುತ್ತಲಿನ ಗೋಡೆ ಬಾಗಿಲುಗಳು ಕಾಣುತ್ತಿದ್ದವು. ನೋಡಬೇಕೆಂದ ವಸ್ತು ಮಾತ್ರ ಕಪ್ಪು ಮಚ್ಚೆಯೊಂದರಲ್ಲಿ ಮರೆಯಾಗುತ್ತಿತ್ತು. ಹೀಗೇಕಾಯಿತು?

ಕಣ್ಣಿನ ಹಿಂಭಾಗದಲ್ಲಿ ಅಕ್ಷಿಪಟವೆಂಬ ತೆಳುವಾದ ಪೊರೆಯಿದೆ. ಹೊರಜಗತ್ತಿನ ಬಿಂಬಗಳು ಮೂಡುವುದು ಇದರ ಮೇಲೆಯೇ. ಅದರ ನಡುವೆ ಸುಮಾರು 5 ಮಿಲಿಮೀಟರ್ ಅಗಲದ ಹಳದಿ ಚುಕ್ಕೆಯಿದೆ. ವೈದ್ಯರು ಇದನ್ನು ಮ್ಯಾಕ್ಯುಲ ಎನ್ನುತ್ತಾರೆ. ಅಕ್ಷರಗಳನ್ನು ಓದುವುದು, ಸೂಜಿಗೆ ದಾರ ಪೋಣಿಸುವುದು, ಮುಖಗಳನ್ನು ಗುರುತಿಸುವುದು ಇದರ ನೆರವಿನಿಂದಲೇ. ಮುಪ್ಪಿನಲ್ಲಿ ಈ ಭಾಗವು ಸವೆಯಬಹುದು. ಇದರ ಅಡಿಯಲ್ಲಿ ಹೊಸ ರಕ್ತನಾಳಗಳು ಬೆಳೆದು ಸೋರಬಹುದು. ಮಧುಮೇಹದಿಂದಲೂ ಇಲ್ಲಿ ದ್ರವ ತುಂಬಿ ಊತವುಂಟಾಗಬಹುದು. ಒಂದು ಕಣ್ಣಿನ ಕೊರತೆಯನ್ನು ಮತ್ತೊಂದು ತುಂಬಿಕೊಡುವುದರಿಂದ ರೋಗಿಗೆ ಇದರ ಅರಿವು ತಡವಾಗಿ ಆಗುವುದುಂಟು.

ಜೀವಂತ ಕಣ್ಣಿನ ಒಳಗನ್ನು ನೋಡುವ ಬಗೆ ಹೇಗೆ? 1851ರಲ್ಲಿ ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ನೇತ್ರದರ್ಶಕವೆಂಬ ಉಪಕರಣವನ್ನು ಜಗತ್ತಿಗೆ ಪರಿಚಯಿಸಿದನು. ಪಾಪೆಯ ಮೂಲಕ ಬೆಳಕನ್ನು ಹಾಯಿಸಿ ಅಕ್ಷಿಪಟವನ್ನು ನೋಡುವುದು ಇದರಿಂದ ಸಾಧ್ಯವಾಯಿತು. ಮುಂದೆ ಛಾಯಾಚಿತ್ರಗಳೂ ಬಂದವು. 1961ರಲ್ಲಿ, ತೋಳಿನ ರಕ್ತನಾಳಕ್ಕೆ ಬಣ್ಣವನ್ನು ಚುಚ್ಚಿ ಕಣ್ಣಿನ ನಾಳಗಳ ಸೋರಿಕೆಯನ್ನು ಚಿತ್ರಿಸುವ ವಿಧಾನವು ಪ್ರಕಟವಾಯಿತು. ಆದರೆ ಕೆರೆಯನ್ನು ಮೇಲಿನಿಂದ ನೋಡಿದ ಮಾತ್ರಕ್ಕೆ ಅದರ ಆಳ ತಿಳಿಯುವುದೆ?

ಆಳವನ್ನು ತಿಳಿಯುವ ವಿಧಾನವೊಂದನ್ನು 1991ರಲ್ಲಿ ಅಮೆರಿಕದ ಹುವಾಂಗ್, ಸ್ವಾನ್ಸನ್, ಫುಜಿಮೊಟೊ ಮತ್ತು ಅವರ ಸಂಗಡಿಗರು ಪ್ರಕಟಿಸಿದರು. ಅದರ ಹೆಸರು ಆಪ್ಟಿಕಲ್ ಕೊಹೆರೆನ್ಸ್ ಟೊಮೊಗ್ರಫಿ, ಸಂಕ್ಷೇಪವಾಗಿ ಓ.ಸಿ.ಟಿ. ಬೆಟ್ಟದೆದುರು ನಿಂತು ಕೂಗಿದರೆ, ಮಾರ್ದನಿ ಬರುವ ಕಾಲದಿಂದ ಬೆಟ್ಟದ ದೂರವನ್ನು ಲೆಕ್ಕ ಹಾಕಬಹುದಷ್ಟೆ. ಇಲ್ಲಿ ಧ್ವನಿಯ ಬದಲು ಮಂದವಾದ ಅವಕೆಂಪು ಬೆಳಕನ್ನು ಬಳಸುತ್ತಾರೆ. ಆದರೆ ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ದೂರ ಧಾವಿಸುತ್ತದೆ. ಅಷ್ಟು ಸಣ್ಣ ಕಾಲವನ್ನು ಅಳೆಯುವುದು ಸುಲಭವಲ್ಲ. ಆದ್ದರಿಂದ ಅವರು ಕಿರಣವನ್ನು ಎರಡಾಗಿ ಸೀಳಿ, ಒಂದನ್ನು ಅಕ್ಷಿಪಟಕ್ಕೂ ಇನ್ನೊಂದನ್ನು ಕನ್ನಡಿಗೂ ಕಳುಹಿಸಿದರು. ಹಿಂದಿರುಗಿದ ಅಲೆಗಳು ಕೂಡಿದಾಗ ಒಂದನ್ನೊಂದು ಹೆಚ್ಚಿಸುತ್ತವೆ, ಇಲ್ಲವೆ ಕುಗ್ಗಿಸುತ್ತವೆ. ಇದೇ ವ್ಯತೀಕರಣ. ಇದರಿಂದ ಪ್ರತಿಯೊಂದು ಪದರದ ಆಳವೂ ತಿಳಿಯುತ್ತದೆ. ಸುಮಾರು ಕಾಲು ಮಿಲಿಮೀಟರ್ ದಪ್ಪದ ಅಕ್ಷಿಪಟವು, ಕತ್ತರಿಸಿದ ಈರುಳ್ಳಿಯಂತೆ, ಪದರಪದರವಾಗಿ ಪರದೆಯ ಮೇಲೆ ಕಾಣುತ್ತದೆ. ಕಣ್ಣಿಗೆ ಕತ್ತಿ ತಾಗುವುದಿಲ್ಲ, ಸೂಜಿ ಚುಚ್ಚುವುದಿಲ್ಲ, ಕೆಲವೇ ನಿಮಿಷಗಳಲ್ಲಿ ಪರೀಕ್ಷೆ ಮುಗಿಯುತ್ತದೆ.

ಆರೋಗ್ಯವಾದ ಹಳದಿ ಚುಕ್ಕೆಯ ನಡುವೆ ಬಟ್ಟಲಿನಂತಹ ಸಣ್ಣ ತಗ್ಗು ಇರುತ್ತದೆ. ದ್ರವ ತುಂಬಿದರೆ ಆ ತಗ್ಗು ಉಬ್ಬುತ್ತದೆ. ಚಿಕಿತ್ಸೆಯ ಅನಂತರ ಊತವು ಎಷ್ಟು ಇಳಿಯಿತೆಂಬುದನ್ನೂ ವೈದ್ಯರು ಅಳೆಯಬಲ್ಲರು. ನಾಳಗಳ ಸೋರಿಕೆಯನ್ನು ತಡೆಯುವ ಔಷಧಗಳು ಇಂದು ಇವೆ. ಆದರೆ ನಾಶವಾದ ಕೋಶಗಳನ್ನು ಅವು ಮರಳಿ ಬದುಕಿಸಲಾರವು. ಆದುದರಿಂದ ಈ ರೋಗದಲ್ಲಿ ಕಾಲವೇ ಮುಖ್ಯ.

ನಿಮ್ಮ ಮನೆಯ ಹಿರಿಯರಿಗೆ ಕನ್ನಡಕ ಧರಿಸಿ, ಒಂದೊಂದು ಕಣ್ಣನ್ನು ಮುಚ್ಚಿಕೊಂಡು ನಿಮ್ಮ ಗ್ರಾಫ್ ಹಾಳೆಯನ್ನು ನೋಡಲು ಹೇಳಿರಿ. ಗೆರೆಗಳು ಡೊಂಕಾಗಿ ಕಂಡರೆ ತಡಮಾಡದೆ ನೇತ್ರವೈದ್ಯರಲ್ಲಿಗೆ ಕರೆದೊಯ್ಯಿರಿ. ನಮ್ಮ ನೆರೆಯ ಹಿರಿಯರಿಗೆ ಈ ಮಾತನ್ನು ಹೇಳುವವರು ಅಂದು ಯಾರೂ ಇರಲಿಲ್ಲ.