ಆಂಬುಲೆನ್ಸ್ ಬರುವ ಮುನ್ನ, ಬಂದ ನಂತರ

ಚಿತ್ರದುರ್ಗ ಜಿಲ್ಲೆಯ ನಕ್ಷೆಯನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಹಿಂದೆ ನಾಲ್ಕನೇ ನಂಬರಿನದಾಗಿದ್ದು ಈಗ 48 ಆಗಿರುವ ರಾಷ್ಟ್ರೀಯ ಹೆದ್ದಾರಿ ಹಿರಿಯೂರು, ಐಮಂಗಲ, ಚಿತ್ರದುರ್ಗ, ಭರಮಸಾಗರಗಳನ್ನು ಹಾದು ದಾವಣಗೆರೆಯತ್ತ ಸಾಗುತ್ತದೆ. ಹಗಲಿರುಳೂ ಲಾರಿ, ಬಸ್ಸುಗಳ ಓಡಾಟ. ಇತ್ತ ಹೊಸದುರ್ಗ, ಹೊಳಲ್ಕೆರೆಗಳ ಕಡೆ ತೆಂಗು, ಅಡಿಕೆ ತೋಟಗಳು, ಹೊಲಗಳು, ದೂರ ದೂರದ ಹಟ್ಟಿಗಳು. ಜಿಲ್ಲಾ ಆಸ್ಪತ್ರೆ ಇರುವುದು ಚಿತ್ರದುರ್ಗದಲ್ಲಿ. ಹೊಳಲ್ಕೆರೆಯಿಂದ ಅಲ್ಲಿಗೆ ಮೂವತ್ತು ಕಿಲೋಮೀಟರಿಗೂ ಹೆಚ್ಚು, ಹಿರಿಯೂರಿನಿಂದ ಸುಮಾರು ನಲವತ್ತು, ಹೊಸದುರ್ಗದಿಂದ ಐವತ್ತಕ್ಕೂ ಹೆಚ್ಚು.

ಅಪಘಾತವಾಗಲಿ, ಎದೆನೋವಾಗಲಿ, ಹಾವಿನ ಕಡಿತವಾಗಲಿ, ರೋಗಿ ಈ ದಾರಿಯನ್ನು ಕ್ರಮಿಸಲೇಬೇಕು. ‘ಆಸ್ಪತ್ರೆ ಮುಟ್ಟಿದ ಮೇಲೆ ಚಿಕಿತ್ಸೆ ಶುರು’ ಎಂದು ನಾವು ತಿಳಿದಿದ್ದೇವೆ. ಇದು ತಪ್ಪು ತಿಳಿವಳಿಕೆ. ಚಿಕಿತ್ಸೆ ಶುರುವಾಗಬೇಕಾದದ್ದು ರೋಗಿ ಬಿದ್ದ ಜಾಗದಲ್ಲಿ. ಅದನ್ನು ಶುರು ಮಾಡಬೇಕಾದವರು ಇಬ್ಬರು. ಮೊದಲನೆಯವರು ನೀವು. ಎರಡನೆಯವರು ಆಂಬುಲೆನ್ಸಿನಲ್ಲಿ ಬರುವ ತರಬೇತಾದ ಸಿಬ್ಬಂದಿ.

ನಿಮಿಷಗಳ ಲೆಕ್ಕ

ಮಿದುಳಿಗೆ ಆಮ್ಲಜನಕ ನಿಂತರೆ ನಾಲ್ಕೈದು ನಿಮಿಷಗಳಲ್ಲೇ ಹಾನಿ ಆರಂಭವಾಗುತ್ತದೆ. ಹೃದಯ ನಿಂತ ವ್ಯಕ್ತಿಗೆ ಯಾರೂ ಎದೆ ಒತ್ತದೆ ಇದ್ದರೆ ಬದುಕುವ ಸಾಧ್ಯತೆ ನಿಮಿಷಕ್ಕೆ ಶೇಕಡ 7ರಿಂದ 10ರಷ್ಟು ಕುಗ್ಗುತ್ತಾ ಹೋಗುತ್ತದೆ. ತೊಡೆಯ ದೊಡ್ಡ ರಕ್ತನಾಳ ಹರಿದರೆ ಕೆಲವೇ ನಿಮಿಷಗಳಲ್ಲಿ ಪ್ರಾಣ ಹೋಗಬಹುದು. ಪ್ರಜ್ಞೆ ತಪ್ಪಿ ಅಂಗಾತ ಮಲಗಿದವರ ನಾಲಿಗೆ ಹಿಂದಕ್ಕೆ ಜಾರಿ ಉಸಿರಿನ ದಾರಿಯನ್ನು ಮುಚ್ಚುವುದುಂಟು. ಇಂಥ ಸಾವು ಗಾಯದ ತೀವ್ರತೆಯಿಂದ ಬಂದದ್ದಲ್ಲ, ದವಡೆಯನ್ನು ಮುಂದಕ್ಕೆ ತಳ್ಳಿ ಹಿಡಿಯುವವರು ಇಲ್ಲದ್ದರಿಂದ ಬಂದದ್ದು.

ಆಂಬುಲೆನ್ಸಿನಲ್ಲಿ ಬರುವವರು ಯಾರು?

ನಮ್ಮ ರಾಜ್ಯದಲ್ಲಿ ‘ಆರೋಗ್ಯ ಕವಚ 108’ ಸೇವೆ ಆರಂಭವಾದದ್ದು 2008ರ ನವೆಂಬರ್ 1ರಂದು. ಅದಕ್ಕೆ ಮುಂಚೆ ಆಂಬುಲೆನ್ಸ್ ಎಂದರೆ ಬಹುಮಟ್ಟಿಗೆ ಒಂದು ವ್ಯಾನು, ಒಂದು ಸ್ಟ್ರೆಚರು, ಒಬ್ಬ ಚಾಲಕ ಅಷ್ಟೇ. 108ರ ವಾಹನದಲ್ಲಿ ‘ಪೈಲಟ್’ ಎಂದು ಕರೆಯುವ ಚಾಲಕರ ಜೊತೆಗೆ ತುರ್ತು ವೈದ್ಯಕೀಯ ತಂತ್ರಜ್ಞ, ಅಂದರೆ ಇಎಂಟಿ ಇರುತ್ತಾರೆ. ಅವರನ್ನು ‘ಆಂಬುಲೆನ್ಸ್ ಹುಡುಗ’ ಎಂದು ಕರೆದು ಹಗುರವಾಗಿ ಕಾಣಬೇಡಿ.

ಇವರ ತರಬೇತಿ ಪುಸ್ತಕಕ್ಕೆ ಮುಗಿಯುವುದಿಲ್ಲ. ಗೊಂಬೆಯ ಮೇಲೆ ಎದೆ ಒತ್ತುವುದು, ಆಂಬು ಬ್ಯಾಗಿನಿಂದ ಉಸಿರು ಕೊಡುವುದು, ಗಂಟಲಲ್ಲಿ ಸೇರಿದ ರಕ್ತ, ವಾಂತಿಯನ್ನು ಯಂತ್ರದಿಂದ ಹೀರಿ ತೆಗೆಯುವುದು, ಕುತ್ತಿಗೆಗೆ ಕಾಲರ್ ಹಾಕುವುದು, ಮುರಿದ ಮೂಳೆಗೆ ದಬ್ಬೆ ಕಟ್ಟುವುದು, ದಾರಿಯಲ್ಲೇ ಹೆರಿಗೆ ಮಾಡಿಸುವುದು ಇವೆಲ್ಲವನ್ನೂ ಕೈಗೆ ಬರುವವರೆಗೆ ಮಾಡಿ ಕಲಿಯಬೇಕು. ಬಳಿಕ ಆಸ್ಪತ್ರೆಯ ತುರ್ತು ಘಟಕದಲ್ಲೂ ಆಂಬುಲೆನ್ಸಿನಲ್ಲೂ ಅನುಭವಿಗಳ ಜೊತೆ ನಿಂತು ಪಳಗಬೇಕು. ರೋಗಿಯನ್ನು ನೋಡುವ ಕ್ರಮವೂ ಗೊತ್ತುಪಡಿಸಿದ್ದೇ: ಮೊದಲು ಸ್ಥಳ ಸುರಕ್ಷಿತವೇ, ಬಳಿಕ ಜೋರಾಗಿ ರಕ್ತ ಹರಿಯುತ್ತಿದೆಯೇ, ಉಸಿರಿನ ದಾರಿ ತೆರೆದಿದೆಯೇ, ಉಸಿರಾಟ ಹೇಗಿದೆ, ನಾಡಿ ಹೇಗಿದೆ, ಪ್ರಜ್ಞೆ ಎಷ್ಟಿದೆ. ಸಂದೇಹ ಬಂದರೆ ನಿಯಂತ್ರಣ ಕೇಂದ್ರದ ವೈದ್ಯರನ್ನು ಫೋನಿನಲ್ಲಿ ಕೇಳಿ ಮುಂದುವರಿಯುತ್ತಾರೆ.

ಇಂಥ ಕೆಲಸವನ್ನು ವೈದ್ಯರಲ್ಲದವರು ಮಾಡಬಲ್ಲರೇ ಎಂದು ಕೇಳಬಹುದು. 1967ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ನಗರದಲ್ಲಿ ‘ಫ್ರೀಡಂ ಹೌಸ್’ ಎಂಬ ಆಂಬುಲೆನ್ಸ್ ಸೇವೆ ಆರಂಭವಾಯಿತು. ಕೆಲಸವಿಲ್ಲದೆ ಕುಳಿತಿದ್ದ ಬಡ ಕಪ್ಪು ಜನಾಂಗದ ಯುವಕರಿಗೆ ಡಾ. ಪೀಟರ್ ಸಫಾರ್ ಅವರ ಮಾರ್ಗದರ್ಶನದಲ್ಲಿ ಸುಮಾರು 300 ಗಂಟೆಗಳ ತರಬೇತಿ ಕೊಡಲಾಯಿತು. ಮುಂದೆ ಆ ದೇಶದ ಆಂಬುಲೆನ್ಸ್ ಸೇವೆಗೇ ಅವರು ಮಾದರಿಯಾದರು. ಸರಿಯಾಗಿ ಕಲಿಸಿದರೆ ಸಾಮಾನ್ಯ ಯುವಕ ಯುವತಿಯರೂ ಜೀವ ಉಳಿಸಬಲ್ಲರು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ನಮ್ಮಲ್ಲೂ 2021ರ ಕೇಂದ್ರ ಕಾಯ್ದೆಯೊಂದು ಈ ವೃತ್ತಿಯನ್ನು ಆರೋಗ್ಯ ವೃತ್ತಿಗಳ ಸಾಲಿಗೆ ಸೇರಿಸಿದೆ.

ಫೋನ್ ಮಾಡುವಾಗ

ಆಂಬುಲೆನ್ಸ್ ತಡವಾಗುವುದಕ್ಕೆ ಒಂದು ಕಾರಣ ಜಾಗ ಸರಿಯಾಗಿ ಹೇಳದಿರುವುದು. ‘ಗೊಲ್ಲರಹಟ್ಟಿಗೆ ಬೇಗ ಬನ್ನಿ’ ಎಂದು ಹೇಳಿ ಫೋನ್ ಇಟ್ಟರೆ ಏನು ಮಾಡಬೇಕು? ಈ ಜಿಲ್ಲೆಯಲ್ಲಿ ಗೊಲ್ಲರಹಟ್ಟಿಗಳು ಒಂದೆರಡಲ್ಲ. ಆದ್ದರಿಂದ ತಾಲ್ಲೂಕು, ಹೋಬಳಿ, ಊರು, ಹತ್ತಿರದ ಗುಡಿ ಅಥವಾ ಶಾಲೆ, ಈ ಕ್ರಮದಲ್ಲಿ ಹೇಳಿ. ಶ್ರೀರಾಂಪುರ ಹೋಬಳಿಯೋ ಮತ್ತೋಡು ಹೋಬಳಿಯೋ, ರಾಮಗಿರಿಯೋ ತಾಳ್ಯವೋ ಎಂಬುದು ಮುಖ್ಯ. ಹೆದ್ದಾರಿಯಲ್ಲಿದ್ದರೆ ಕಿಲೋಮೀಟರ್ ಕಲ್ಲಿನ ಸಂಖ್ಯೆ ನೋಡಿ. ಬೆಂಗಳೂರಿಗೆ ಹೋಗುವ ಬದಿಯೋ, ದಾವಣಗೆರೆಗೆ ಹೋಗುವ ಬದಿಯೋ ಹೇಳಲು ಮರೆಯಬೇಡಿ. ನಡುವೆ ವಿಭಜಕ ಇರುವ ರಸ್ತೆಯಲ್ಲಿ ಬದಿ ತಪ್ಪಿದರೆ ವಾಹನ ಮುಂದಿನ ತಿರುವಿನವರೆಗೆ ಹೋಗಿ ಹಿಂತಿರುಗಬೇಕು. ಎಷ್ಟು ಜನ ಗಾಯಗೊಂಡಿದ್ದಾರೆ, ಉಸಿರಾಡುತ್ತಿದ್ದಾರೆಯೇ ಎಂಬುದನ್ನೂ ತಿಳಿಸಿ. ಅವರು ಸಾಕು ಎನ್ನುವವರೆಗೆ ಫೋನ್ ಇಡಬೇಡಿ. ತೋಟದ ಮನೆಯಾದರೆ ಒಬ್ಬರು ಮುಖ್ಯರಸ್ತೆಗೆ ಬಂದು ನಿಲ್ಲಲಿ. ರಾತ್ರಿಯಾದರೆ ಬ್ಯಾಟರಿ ಹಿಡಿದಿರಲಿ.

ಕಾಯುವ ವೇಳೆ ಏನು ಮಾಡಬೇಕು?

* ಉಸಿರಾಟವಿಲ್ಲದೆ, ಕರೆದರೂ ಅಲುಗದೆ ಬಿದ್ದಿದ್ದರೆ ಎದೆಯ ಮಧ್ಯದ ಮೂಳೆಯ ಮೇಲೆ ಎರಡೂ ಅಂಗೈಗಳನ್ನು ಒಂದರ ಮೇಲೊಂದಿಟ್ಟು ಒತ್ತಿ. ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂಟಿಮೀಟರ್ ಆಳಕ್ಕೆ. ಬಾಯಿಗೆ ಬಾಯಿಟ್ಟು ಉಸಿರು ಕೊಡಲು ತಿಳಿಯದಿದ್ದರೆ ಚಿಂತೆಯಿಲ್ಲ, ಒತ್ತುವುದನ್ನು ನಿಲ್ಲಿಸಬೇಡಿ. ದಣಿವಾದರೆ ಮತ್ತೊಬ್ಬರು ಕೈಹಾಕಲಿ.

* ರಕ್ತ ಸುರಿಯುತ್ತಿದ್ದರೆ ಶುಭ್ರವಾದ ಬಟ್ಟೆಯನ್ನು ಗಾಯದ ಮೇಲಿಟ್ಟು ಗಟ್ಟಿಯಾಗಿ ಅದುಮಿ ಹಿಡಿಯಿರಿ. ಪದೇ ಪದೇ ಎತ್ತಿ ನೋಡಬೇಡಿ. ಅರಿಶಿನ, ಕಾಫಿಪುಡಿ ತುಂಬಬೇಡಿ.

* ತೆಂಗಿನ ಮರದಿಂದ ಬಿದ್ದವರನ್ನು, ಬೈಕಿನಿಂದ ಎಸೆಯಲ್ಪಟ್ಟವರನ್ನು ಕೈಕಾಲು ಹಿಡಿದು ಜೋಳಿಗೆಯಂತೆ ಎತ್ತಿ ಆಟೊಗೆ ಹಾಕಬೇಡಿ. ಬೆನ್ನುಮೂಳೆ ಮುರಿದಿದ್ದರೆ ಹೀಗೆ ಎತ್ತುವುದರಿಂದಲೇ ನರಹುರಿಗೆ ಪೆಟ್ಟಾಗಿ ಕಾಲುಗಳ ಸ್ವಾಧೀನ ಶಾಶ್ವತವಾಗಿ ತಪ್ಪಬಹುದು. ತಲೆ, ಕುತ್ತಿಗೆ ಅಲುಗದಂತೆ ಒಬ್ಬರು ಹಿಡಿದುಕೊಳ್ಳಲಿ. ಉಸಿರಾಟ ಸರಿಯಿದ್ದರೆ ಹೆಲ್ಮೆಟ್ ಎಳೆಯಬೇಡಿ.

* ನೀರು, ಸೋಡ, ಕಾಫಿ ಯಾವುದೂ ಬೇಡ. ಪ್ರಜ್ಞೆ ತಪ್ಪಿದವರ ಬಾಯಿಗೆ ಹಾಕಿದ ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ. ಮೂರ್ಛೆ ಬಂದವರ ಕೈಗೆ ಕಬ್ಬಿಣ ಕೊಡುವುದರಿಂದ ಪ್ರಯೋಜನವಿಲ್ಲ. ಸುತ್ತಲಿನ ಕಲ್ಲು, ಸಾಮಾನು ಸರಿಸಿ, ಅದುರು ನಿಂತೊಡನೆ ಒಂದು ಮಗ್ಗುಲಿಗೆ ಮಲಗಿಸಿ.

* ಹಾವು ಕಚ್ಚಿದರೆ ಬಿಗಿಯಾಗಿ ದಾರ ಕಟ್ಟುವುದು, ಕೊಯ್ಯುವುದು, ಹೀರುವುದು ಬೇಡ. ಬಳೆ, ಉಂಗುರ, ಕಾಲುಂಗುರ ತೆಗೆದು, ಕಚ್ಚಿದ ಅಂಗವನ್ನು ಅಲುಗದಂತೆ ದಬ್ಬೆಗೆ ಕಟ್ಟಿ. ರೋಗಿಯನ್ನು ನಡೆಸಬೇಡಿ. ವಿಷಕ್ಕೆ ಔಷಧ ಆಸ್ಪತ್ರೆಯ ಚುಚ್ಚುಮದ್ದೇ ಹೊರತು ಮಂತ್ರವಲ್ಲ.

* ಸುಟ್ಟ ಗಾಯದ ಮೇಲೆ ಇಪ್ಪತ್ತು ನಿಮಿಷ ತಣ್ಣೀರು ಹರಿಯಬಿಡಿ. ಶಾಯಿ, ಪೇಸ್ಟು ಹಚ್ಚಬೇಡಿ. 2020ರ ಆಗಸ್ಟ್ 12ರಂದು ವಿಜಯಪುರದಿಂದ ಬೆಂಗಳೂರಿಗೆ ಹೊರಟಿದ್ದ ಖಾಸಗಿ ಬಸ್ಸು ಹಿರಿಯೂರು ತಾಲ್ಲೂಕಿನಲ್ಲಿ ಬೆಂಕಿಗೆ ಸಿಲುಕಿ ಐವರು ಅಸುನೀಗಿದರು. ಇಂಥ ಕಡೆ ಹೊರಬಂದವರನ್ನು ದೂರ ಕರೆದೊಯ್ದು ನೀರು ಹಾಕುವುದೇ ಮೊದಲ ಚಿಕಿತ್ಸೆ. ನೀವೇ ಬೆಂಕಿಗೆ ನುಗ್ಗಿ ಇನ್ನೊಬ್ಬ ಗಾಯಾಳುವಾಗಬೇಡಿ.

ಆಂಬುಲೆನ್ಸ್ ಬರುವುದು ಬಹಳ ತಡ ಎಂದು ನಿಯಂತ್ರಣ ಕೇಂದ್ರದವರೇ ತಿಳಿಸಿದರೆ ಸಿಕ್ಕ ವಾಹನದಲ್ಲಿ ಹೊರಡಬೇಕಾದೀತು. ಆಗ ಬಾಗಿಲ ಹಲಗೆ ಅಥವಾ ಬೆಂಚಿನ ಮೇಲೆ, ತಲೆಯಿಂದ ಕಾಲಿನವರೆಗೆ ಒಂದೇ ನೇರದಲ್ಲಿ ಮಲಗಿಸಿ, ನಾಲ್ವರು ಒಟ್ಟಿಗೆ ಎತ್ತಿ ಸಾಗಿಸಿ.

ವಾಹನ ಬಂದ ಮೇಲೆ

‘ನೋಡೋದೇನಿದೆ, ಮೊದಲು ಗಾಡಿ ಬಿಡ್ರೀ’ ಎಂದು ಸಿಬ್ಬಂದಿಯ ಮೇಲೆ ರೇಗುವುದನ್ನು ಕಾಣುತ್ತೇವೆ. ಅವರು ಕಾಲರ್ ಹಾಕಲು, ಆಮ್ಲಜನಕ ಕೊಡಲು ತೆಗೆದುಕೊಳ್ಳುವ ಕೆಲವು ನಿಮಿಷ ವ್ಯರ್ಥವಲ್ಲ. ಹೊಟ್ಟೆಯೊಳಗೆ ರಕ್ತಸ್ರಾವವಾಗುತ್ತಿದೆ ಎಂಬ ಅನುಮಾನ ಬಂದರೆ ಅವರೇ ತಡಮಾಡದೆ ಹೊರಡುತ್ತಾರೆ. ಯಾವಾಗ ನಿಲ್ಲಬೇಕು, ಯಾವಾಗ ಓಡಬೇಕು ಎಂಬ ಈ ವಿವೇಚನೆಯೇ ಅವರ ತರಬೇತಿಯ ಸಾರ.

ಯಾವ ಆಸ್ಪತ್ರೆಗೆ ಎಂಬ ವಿಷಯದಲ್ಲೂ ಹಟ ಬೇಡ. ಎದೆನೋವು ಬಂದವರನ್ನು ನೇರವಾಗಿ ದಾವಣಗೆರೆಗೋ ಬೆಂಗಳೂರಿಗೋ ಒಯ್ಯುವ ಆತುರದಲ್ಲಿ ತಾಲ್ಲೂಕು ಆಸ್ಪತ್ರೆಯನ್ನು ದಾಟಿಹೋಗುವವರುಂಟು. ತಾಲ್ಲೂಕು ಮಟ್ಟದಲ್ಲೇ ಇಸಿಜಿ ತೆಗೆದು, ತಜ್ಞರ ಸಲಹೆ ಪಡೆದು, ಹೆಪ್ಪುಗಟ್ಟಿದ ರಕ್ತ ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ‘ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ಯೋಜನೆಯನ್ನು ಸರ್ಕಾರ 2023ರಲ್ಲಿ ಆರಂಭಿಸಿದೆ. ಎದೆನೋವು ಬಂದ ಮೊದಲ ಗಂಟೆಯಲ್ಲಿ ಕೊಟ್ಟ ಈ ಔಷಧ ಆರನೆಯ ಗಂಟೆಯಲ್ಲಿ ಕೊಟ್ಟದ್ದಕ್ಕಿಂತ ಹೆಚ್ಚು ಹೃದಯವನ್ನು ಉಳಿಸುತ್ತದೆ.

ಪೊಲೀಸ್, ಕೋರ್ಟು, ಖರ್ಚು?

‘ಮುಟ್ಟಿದರೆ ಸಾಕ್ಷಿಗೆ ಅಲೆಯಬೇಕು’ ಎಂಬ ಭಯ ಇನ್ನೂ ಹೋಗಿಲ್ಲ. 2016ರ ಮಾರ್ಚ್ 30ರಂದು ಸುಪ್ರೀಂ ಕೋರ್ಟ್ ನೆರವಾದವರ ರಕ್ಷಣೆಯ ಮಾರ್ಗಸೂಚಿಗೆ ಕಾನೂನಿನ ಬಲ ಕೊಟ್ಟಿತು. ಕರ್ನಾಟಕವೂ ಇದಕ್ಕಾಗಿಯೇ ಪ್ರತ್ಯೇಕ ಕಾಯ್ದೆ ತಂದಿದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೂ ಇಂಥ ರಕ್ಷಣೆಯ ಕಲಮನ್ನು ಸೇರಿಸಲಾಯಿತು. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರು ತಮ್ಮ ಹೆಸರು ಹೇಳಲೇಬೇಕೆಂಬ ಬಲವಂತವಿಲ್ಲ, ಆಸ್ಪತ್ರೆಯ ಹಣ ಕಟ್ಟಬೇಕಾಗಿಯೂ ಇಲ್ಲ. ರಸ್ತೆ ಅಪಘಾತಕ್ಕೆ ಒಳಗಾದವರಿಗೆ ಮೊದಲ ಏಳು ದಿನಗಳಲ್ಲಿ ಒಂದೂವರೆ ಲಕ್ಷ ರೂಪಾಯಿಯವರೆಗೆ ನಗದುರಹಿತ ಚಿಕಿತ್ಸೆ ಕೊಡುವ ಕೇಂದ್ರದ ಯೋಜನೆ 2025ರ ಮೇ ತಿಂಗಳಲ್ಲಿ ಜಾರಿಗೆ ಬಂದಿದೆ.

ಈಜು ಬಾರದವನು ಪುಸ್ತಕ ಓದಿ ಈಜಲಾರ. ಎದೆ ಒತ್ತುವ ವಿಧಾನವೂ ಹಾಗೆಯೇ. ನಿಮ್ಮ ಊರಿನ ಶಾಲೆ, ಯುವಕ ಸಂಘ, ಸ್ತ್ರೀಶಕ್ತಿ ಗುಂಪು, ಲಾರಿ ಚಾಲಕರ ಸಂಘದವರು ಹತ್ತಿರದ ಸರ್ಕಾರಿ ಆಸ್ಪತ್ರೆಯ ವೈದ್ಯರನ್ನೋ ರೆಡ್‌ಕ್ರಾಸ್ ಸಂಸ್ಥೆಯನ್ನೋ ಕೇಳಿ, ಗೊಂಬೆಯ ಮೇಲೆ ಅರ್ಧ ದಿನ ಅಭ್ಯಾಸ ಮಾಡಲು ಏರ್ಪಾಡು ಮಾಡಿಕೊಳ್ಳಿ. ಹೆದ್ದಾರಿ ಬದಿಯ ಢಾಬಾ, ಪಂಕ್ಚರ್ ಅಂಗಡಿಯವರನ್ನು ಮರೆಯದೆ ಕರೆಯಿರಿ. ಅಪಘಾತದ ಜಾಗಕ್ಕೆ ಎಲ್ಲರಿಗಿಂತ ಮೊದಲು ಓಡಿಬರುವವರು ಅವರೇ. ಮನೆಯಲ್ಲಿ ಕ್ಯಾಲೆಂಡರಿನ ಪಕ್ಕ 108 ಎಂದು ದೊಡ್ಡದಾಗಿ ಬರೆದು, ಅದರ ಕೆಳಗೆ ನಿಮ್ಮ ಹೋಬಳಿ, ಊರು, ಗುರುತಿನ ಜಾಗಗಳನ್ನು ಬರೆದಿಡಿ. ಗಾಬರಿಯಲ್ಲಿ ದೊಡ್ಡವರಿಗೆ ಮಾತು ಹೊರಡದಿದ್ದರೂ ಮನೆಯ ಮಗು ಅದನ್ನು ಓದಿ ಹೇಳೀತು.