ಕೂರಿಸಿದ್ದಕ್ಕೆ ಸಬ್ಸಿಡಿ, ಕಾಯಿಸಿದ್ದಕ್ಕೆ?

ಸೋಲಾರ್ ಅಂದರೆ ಈಗ ಎಲ್ಲರ ಬಾಯಲ್ಲೂ ವಿದ್ಯುತ್ ಪ್ಯಾನೆಲ್ಲಿನದೇ ಮಾತು. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವ್ಯಾಟ್‌ಗೆ 78,000 ರೂಪಾಯಿ ಸಿಗುತ್ತದೆ. ಪಕ್ಕದಲ್ಲೇ ದಕ್ಷಿಣಕ್ಕೆ ವಾಲಿಕೊಂಡು ಕೂತ ನೀರು ಕಾಯಿಸುವ ಕಪ್ಪು ಹಲಗೆಯನ್ನು ಕೇಳುವವರಿಲ್ಲ. ಬೆಂಗಳೂರಿನ ತಾರಸಿಗಳಿಗೆ ಸೂರ್ಯ ಮೊದಲು ಕಾಲಿಟ್ಟದ್ದು ಬಚ್ಚಲಮನೆಯ ನೆಪದಲ್ಲಿ ಎಂಬುದು ಆಗಲೇ ಮರೆತಿದೆ.

ನೂರು ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು ಸುಮಾರು ನಾಲ್ಕು ಯೂನಿಟ್ ಕರೆಂಟ್ ಬೇಕು. ಬೆಳಗಿನ ಹೊತ್ತು ಊರಿನ ಗೀಸರುಗಳೆಲ್ಲ ಒಟ್ಟಿಗೆ ಚಾಲೂ ಆದರೆ ಬೆಸ್ಕಾಂ ಗತಿ ಏನು? ಅದಕ್ಕೇ 2007ರಲ್ಲಿ ರಾಜ್ಯ ಸರ್ಕಾರ ಹೊಸ ಕಟ್ಟಡಗಳಿಗೆ ಸೋಲಾರ್ ಹೀಟರ್ ಕಡ್ಡಾಯ ಮಾಡಿತು. 2010ರಲ್ಲಿ ಬಂದ ರಾಷ್ಟ್ರೀಯ ಸೌರ ಮಿಷನ್ ಶೇ 30ರಷ್ಟು ನೆರವು ಸೇರಿಸಿತು. 2014ರಲ್ಲಿ ಅದು ನಿಂತಿತು. ಇವುಗಳ ಜತೆಗೆ ಕರೆಂಟ್ ಬಿಲ್ಲಿನಲ್ಲಿ ಯೂನಿಟ್ಟಿಗೆ 50 ಪೈಸೆ ರಿಯಾಯಿತಿ, ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ.

ಈ ರಿಯಾಯಿತಿಯ ತಮಾಷೆ ನೋಡಿ. ಸೂರ್ಯನಿಂದ ಕಾಯಿಸಿದ ನೀರಿಗಲ್ಲ, ಉರಿಸಿದ ಕರೆಂಟಿಗೆ ಅದರ ಲೆಕ್ಕ. ನಲವತ್ತು ಯೂನಿಟ್‌ನಲ್ಲಿ ಸಂಸಾರ ತೂಗಿಸುವವರಿಗೆ 20 ರೂಪಾಯಿ, ನೂರು ಉರಿಸಿದವರಿಗೆ ಪೂರ್ತಿ 50.

ಇನ್ನು ಹೀಟರಿನ ಒಳಗೆ ಹೊಕ್ಕು ನೋಡೋಣ. ಕಪ್ಪು ತಗಡಿಗೆ ಅಂಟಿಕೊಂಡ, ಬೆರಳ ಗಾತ್ರದ ತಾಮ್ರದ ಕೊಳವೆಗಳು. ಬೋರ್‌ವೆಲ್ಲಿನ ಗಡಸು ನೀರು ಅವುಗಳಲ್ಲಿ ಬಿಸಿಯಾದಾಗಲೆಲ್ಲ ಸುಣ್ಣದಂಥ ಪದರ ಕಟ್ಟುತ್ತದೆ. ದಾರಿ ಕಿರಿದಾದಂತೆ ನಲ್ಲಿಯಲ್ಲಿ ಉಗುರುಬೆಚ್ಚಗಿನ ನೀರು. ತೊಳೆಸಿದರೆ ಸರಿಹೋಗುತ್ತದೆ, ಆದರೆ ತೊಳೆಸುವ ಖರ್ಚಿಗೆ ಸರ್ಕಾರದ ಕಾಸಿಲ್ಲ. ಮನೆಯವರು ಬಚ್ಚಲಲ್ಲೊಂದು ಗೀಸರ್ ಹಾಕಿಸಿಕೊಂಡು ಸುಮ್ಮನಾಗುತ್ತಾರೆ. ಮೇಲಿನದು ಸತ್ತಿದೆ ಎಂದು ಬಿಲ್ಲಿಗೆ ಹೇಳುವವರಾರು?

ಸಗಣಿ ಗ್ಯಾಸಿನ ಕತೆ ಇದಕ್ಕಿಂತ ಹಳೆಯದು. 1981–82ರಿಂದಲೇ ಕೇಂದ್ರದ ಗೋಬರ್ ಗ್ಯಾಸ್ ಯೋಜನೆ ಸಬ್ಸಿಡಿ ಕೊಡುತ್ತ ಬಂದಿದೆ. ಅದೇ ಯೋಜನೆಯಲ್ಲಿ ಎಷ್ಟೋ ಊರುಗಳ ಗುಂಡಿಗಳು ಪಾಳು ಬಿದ್ದವು. ಶಿರಸಿಯಲ್ಲಿ ಹಾಗಾಗಲಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯವರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅವರು ನೋಡಿದ ಅಲ್ಲಿನ ಸ್ಥಾವರಗಳೆಲ್ಲ ಕೆಲಸ ಮಾಡುತ್ತಿದ್ದವು. ಕೊಟ್ಟಿಗೆಯಲ್ಲಿ ದನ, ಸ್ಲರಿಗೆ ಕಾದಿರುವ ಅಡಿಕೆ ತೋಟ ಅಲ್ಲಿ ಇದ್ದವು, ನಿಜ. ಆದರೆ ಗುಟ್ಟು ಕಟ್ಟುವವರಲ್ಲಿತ್ತು. ಗ್ಯಾಸ್ ಬರುತ್ತದೆಂಬ ಖಾತರಿ, ಕೆಟ್ಟರೆ ಪುಕ್ಕಟೆ ರಿಪೇರಿ, ಗಿರಾಕಿಗಾಗಿ ಕಟ್ಟುವವರ ನಡುವೆಯೇ ಪೈಪೋಟಿ. ಸಬ್ಸಿಡಿ ಎಲ್ಲ ಕಡೆ ಇತ್ತು, ಹೊಣೆ ಹೊರುವವರು ಮಾತ್ರ ಎಲ್ಲ ಕಡೆ ಇರಲಿಲ್ಲ.

ಹಾಗಾದರೆ ಉರಿಸಿದ ಶಾಖಕ್ಕೇ ದುಡ್ಡು ಕೊಟ್ಟರಾಯಿತಲ್ಲ? ಉತ್ತರ ಐರ್ಲೆಂಡ್ 2012ರಲ್ಲಿ ಅದನ್ನೇ ಮಾಡಿ ಕೈ ಸುಟ್ಟುಕೊಂಡಿತು. ಕಟ್ಟಿಗೆಯ ಪೆಲೆಟ್ ಉರಿಸುವ ಬಾಯ್ಲರಿಗೆ ಸಿಗುವ ಪ್ರೋತ್ಸಾಹಧನ ಪೆಲೆಟ್ಟಿನ ಬೆಲೆಗಿಂತ ಹೆಚ್ಚಾಯಿತು. ಬ್ರಿಟನ್ನಿನ ಮೂಲ ಯೋಜನೆಯಲ್ಲಿ ಇಷ್ಟು ಉರಿಸಿದ ಮೇಲೆ ದರ ಇಳಿಯುತ್ತದೆಂಬ ಕಟ್ಟಳೆ ಇತ್ತು, ನಕಲು ಮಾಡುವಾಗ ಅದನ್ನೇ ಬಿಟ್ಟರು. ಒಂದು ಪೌಂಡ್ ಸುಟ್ಟರೆ 1.60 ಪೌಂಡ್ ಕೈಗೆ ಎಂಬ ಲೆಕ್ಕ ಪತ್ರಿಕೆಗಳಲ್ಲಿ ಬಂತು, ಖಾಲಿ ಶೆಡ್ ಬಿಸಿ ಮಾಡುತ್ತಿದ್ದಾರೆಂಬ ದೂರು ಬಂತು. ‘ಬೂದಿಗೆ ಕಾಸು’ ಎಂದು ಹೆಸರಾದ ಈ ಹಗರಣದಲ್ಲಿ 2017ರ ಜನವರಿಯಲ್ಲಿ ಅಲ್ಲಿನ ಸರ್ಕಾರವೇ ಬಿತ್ತು. ಮೂರು ವರ್ಷ ಮತ್ತೆ ಏಳಲಿಲ್ಲ.

ನಮ್ಮಲ್ಲಿ 2022ರ ನವೆಂಬರಿನಲ್ಲಿ ಹೊರಬಿದ್ದ ರಾಷ್ಟ್ರೀಯ ಜೈವಿಕ ಇಂಧನಶಕ್ತಿ ಕಾರ್ಯಕ್ರಮ ಮೊದಲ ಹಂತಕ್ಕೆ 858 ಕೋಟಿ ರೂಪಾಯಿ ಇಟ್ಟಿತು. ಪೆಲೆಟ್, ಬ್ರಿಕೆಟ್ ಘಟಕಗಳಿಗೆ ಓಡಿಸಿ ತೋರಿಸಿದ ಮೇಲೆ ಹಣ ಎನ್ನುವ ಅದರ ಕ್ರಮ ಮೆಚ್ಚತಕ್ಕದ್ದು. ಆದರೆ ಪರೀಕ್ಷೆ ಶುರುವಿನಲ್ಲಿ. ಐದನೇ ವರ್ಷ ಹೊಟ್ಟು, ಕಡ್ಡಿ ಸಿಗದೆ ಬಾಗಿಲು ಹಾಕಿದರೆ ಯಾರೂ ಕೇಳುವುದಿಲ್ಲ.

ಮನೆಯ ಹೀಟರಿಗಾದರೂ ದಾರಿ ಸುಲಭವಿದೆ. ತಿಂಗಳಿಗೆ 50 ರೂಪಾಯಿಯಂತೆ ಮೂರು ವರ್ಷಕ್ಕೆ 1,800 ರೂಪಾಯಿ. ಕೊಳವೆ ತೊಳೆಸಿದ ರಸೀದಿ ತೋರಿಸಿದವರಿಗೆ ಆ ದುಡ್ಡನ್ನು ಒಟ್ಟಿಗೆ ಕೊಡಬಹುದು. ಸರ್ಕಾರಕ್ಕೆ ಹೆಚ್ಚುವರಿಯಾಗಿ ಬೀಳುವುದು ರಸೀದಿ ನೋಡುವ ಕೆಲಸವಷ್ಟೆ.