ಸೋತ ತಂಡಕ್ಕೆ 170 ಅರ್ಜಿ!

2025ರ ಜುಲೈಯಲ್ಲಿ ಭಾರತ ಫುಟ್ಬಾಲ್ ತಂಡಕ್ಕೆ ಕೋಚ್ ಬೇಕೆಂದು ಅಖಿಲ ಭಾರತ ಫುಟ್ಬಾಲ್ ಫೆಡರೇಶನ್ ಅರ್ಜಿ ಕರೆಯಿತು. ಆಗ ನಮ್ಮ ತಂಡದ ಅವಸ್ಥೆ ಹೇಗಿತ್ತು? ಫಿಫಾ ಪಟ್ಟಿಯಲ್ಲಿ 133ನೇ ಸ್ಥಾನ. ಸ್ಪೇನ್‌ನ ಮನೋಲೊ ಮಾರ್ಕೆಝ್ ಕೈಕೆಳಗೆ 8 ಪಂದ್ಯ ಆಡಿ ಗೆದ್ದದ್ದು ಒಂದೇ, ಅದೂ ಮಾಲ್ದೀವ್ಸ್ ವಿರುದ್ಧ. ನಿವೃತ್ತಿ ಹೇಳಿ ಹೋಗಿದ್ದ ಸುನಿಲ್ ಛೇತ್ರಿ 40 ವರ್ಷದಲ್ಲಿ ಮತ್ತೆ ಬೂಟು ಕಟ್ಟಬೇಕಾಯಿತು. ಇಂಥ ತಂಡಕ್ಕೆ ಯಾರು ಬರ್ತಾರೆ ಅಂತ ನಾವು ಅಂದುಕೊಂಡಿದ್ದರೆ, ಬಂದ ಅರ್ಜಿ 170!

ಬಾರ್ಸಿಲೋನಾದ ಕ್ಸಾವಿ, ಗ್ವಾರ್ಡಿಯೋಲ ಹೆಸರಲ್ಲೂ ಇಮೇಲ್ ಬಂದಿತ್ತಂತೆ. ನಮ್ಮ ಹುಡುಗರಿಗೆ ಎರಡು ದಿನ ಅದೇ ಮಾತು. ಆಮೇಲೆ ಫೆಡರೇಶನ್ನೇ ಹೇಳಿತು, ಅವು ಅಸಲಿ ಅಲ್ಲ ಅಂತ.

ಅದನ್ನು ಬಿಟ್ಟರೂ ಇಷ್ಟು ಮಂದಿಗೆ ಈ ಕೆಲಸ ಯಾಕೆ ಬೇಕು? ಗೆಲ್ಲುವ ತಂಡಕ್ಕೆ ಹೋದವನು ಎರಡು ಪಂದ್ಯ ಸೋತರೆ ಮನೆಗೆ. ಬಿದ್ದ ತಂಡದಲ್ಲಿ ಡ್ರಾ ಆದರೂ ಸುದ್ದಿ. ಅದರ ಮೇಲೆ 140 ಕೋಟಿ ಜನರ ದೇಶದ ಹೆಸರು.

ಆದರೆ ಅರ್ಜಿ ಹಾಕುವುದು ಬೇರೆ, ಬಂದು ನಿಲ್ಲುವುದು ಬೇರೆ. ನಮ್ಮ ಮಹಲ್ಲ್‌ಗಳಲ್ಲಿ ಖತೀಬರ ಜಾಗ ಖಾಲಿಯಾದಾಗ ನೋಡಿ. ಬರುವ ಉಸ್ತಾದ್ ಸಂಬಳಕ್ಕಿಂತ ಮೊದಲು ಗುಟ್ಟಾಗಿ ವಿಚಾರಿಸುವುದು ‘ಅಲ್ಲಿ ಕಮಿಟಿ ಹೇಗೆ?’ ಅಂತ. ಮಸೀದಿ ಹಳೆಯದಾದರೂ ಚಿಂತೆಯಿಲ್ಲ, ಕಮಿಟಿಯಲ್ಲಿ ಎರಡು ಪಾರ್ಟಿ ಇದ್ದರೆ ಕಷ್ಟ. ಕೋಚ್‌ಗಳೂ ಅದನ್ನೇ ವಿಚಾರಿಸುತ್ತಾರೆ. ಅವರಿಗೆ ಇಲ್ಲಿ ಸಿಗುವ ಉತ್ತರ ಏನು? ಕ್ರೊಯೇಷಿಯಾದ ಇಗೊರ್ ಸ್ಟಿಮಾಚ್‌ರನ್ನು 2024ರ ಜೂನ್‌ನಲ್ಲಿ ತೆಗೆದು, ಜಗಳ ಮುಗಿಸಲು 4 ಲಕ್ಷ ಡಾಲರ್ ಕೊಡಬೇಕಾಯಿತು. ಮಾರ್ಕೆಝ್ ಒಂದು ಕಾಲು ಗೋವಾ ಕ್ಲಬ್‌ನಲ್ಲಿ, ಒಂದು ಕಾಲು ದೇಶದ ತಂಡದಲ್ಲಿ ಇಟ್ಟುಕೊಂಡಿದ್ದರು. ಅರ್ಜಿ ಕರೆದ ತಿಂಗಳಲ್ಲೇ ಐಎಸ್‌ಎಲ್ ಲೀಗ್ ನಡೆಯುತ್ತದೋ ಇಲ್ಲವೋ ಎಂದು ತೂಗಾಡುತ್ತಿತ್ತು. ಆಟಗಾರರಿಗೇ ಪಂದ್ಯ ಇಲ್ಲದಿದ್ದರೆ ಕೋಚ್ ಯಾರನ್ನು ಆರಿಸುವುದು?

ಕೊನೆಗೆ ಆಗಸ್ಟ್ 1ರಂದು ಆಯ್ಕೆಯಾದವರು ಖಾಲಿದ್ ಜಮೀಲ್. ಹುಟ್ಟಿದ್ದು ಕುವೈಟ್‌ನಲ್ಲಿ. ಗಲ್ಫ್ ಅಂದರೆ ನಮ್ಮ ಮನೆಗಳಿಗೆ ಪಕ್ಕದ ಊರೇ ಅಲ್ವಾ. 13 ವರ್ಷಗಳ ನಂತರ ಈ ಹುದ್ದೆಗೆ ಬಂದ ಭಾರತೀಯ. ಬಿದ್ದ ತಂಡ ಅವರಿಗೆ ಹೊಸದಲ್ಲ. ಮುಂಬೈ ಎಫ್‌ಸಿಯಲ್ಲಿ 7 ವರ್ಷ ದುಡಿದು ಹೊರಬಿದ್ದ ಮೇಲೆ ಹೋದದ್ದು ಮಿಜೋರಾಮಿನ ಐಜಾಲ್ ಎಫ್‌ಸಿಗೆ. ಅದು ಹಿಂದಿನ ವರ್ಷ ಐ-ಲೀಗ್‌ನಿಂದ ಕೆಳಕ್ಕೆ ಬಿದ್ದು, ಗೋವಾದ ಕ್ಲಬ್‌ಗಳು ಹಿಂದೆ ಸರಿದ ಕಾರಣ ಮಾತ್ರ ಒಳಗೆ ಬಂದ ತಂಡ. ದೊಡ್ಡ ಹೆಸರಿನವರಾದರೆ ಆ ಕಡೆ ತಲೆ ಹಾಕುತ್ತಿರಲಿಲ್ಲ. 2017ರಲ್ಲಿ ಅದೇ ಐಜಾಲ್ ಐ-ಲೀಗ್ ಚಾಂಪಿಯನ್!

ಹಿಂದೆ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್ ಇದ್ದರು, ವೃತ್ತಿಯಲ್ಲಿ ಶಾಲಾ ಮೇಷ್ಟ್ರು. 1951ರ ಏಷ್ಯನ್ ಗೇಮ್ಸ್ ಚಿನ್ನದ ಮರುವರ್ಷವೇ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ ಎದುರು ಅವರ ತಂಡ 10-1ರಿಂದ ಸೋತಿತು. ಇಂದಾದರೆ ಆ ರಾತ್ರಿಯೇ ಟಿಕೆಟ್ ಕೊಟ್ಟು ಕಳಿಸುತ್ತಿದ್ದರು. ಅವರನ್ನು ಇಟ್ಟುಕೊಂಡರು. 1956ರಲ್ಲಿ ಮೆಲ್ಬೋರ್ನ್ ಒಲಿಂಪಿಕ್ಸ್ ಸೆಮಿಫೈನಲ್, 1962ರಲ್ಲಿ ಜಕಾರ್ತಾದಲ್ಲಿ ಮತ್ತೆ ಚಿನ್ನ. ಕ್ಯಾನ್ಸರ್ ಕಾಯಿಲೆಯಿಂದ 1963ರಲ್ಲಿ ತೀರಿಕೊಂಡರು. ಅಂಥ ಸಬ್ರ್ ಈಗ ಯಾರಿಗಿದೆ?

ಖಾಲಿದ್ ಶುರು ಮಾಡಿದಾಗ ಕೆಲವು ಆಟಗಾರರನ್ನು ಶಿಬಿರಕ್ಕೆ ಕ್ಲಬ್‌ನವರು ಬಿಟ್ಟುಕೊಡಲಿಲ್ಲ. ಸಿಕ್ಕವರನ್ನು ಕಟ್ಟಿಕೊಂಡೇ ತಜಿಕಿಸ್ತಾನವನ್ನು ಅವರದೇ ನೆಲದಲ್ಲಿ 2-1ರಿಂದ ಸೋಲಿಸಿದರು, ಒಮಾನ್ ತಂಡವನ್ನು ಪೆನಾಲ್ಟಿಯಲ್ಲಿ ಮಣಿಸಿ ಮೂರನೇ ಸ್ಥಾನ ತಂದರು. ನಮ್ಮ ಹುಡುಗರ ಸ್ಟೇಟಸ್ ತುಂಬ ಖಾಲಿದ್ ಭಾಯ್. ಅಕ್ಟೋಬರ್‌ನಲ್ಲಿ ಗೋವಾದಲ್ಲಿ ಸಿಂಗಾಪುರಕ್ಕೆ 2-1ರಿಂದ ಸೋತು 2027ರ ಏಷ್ಯನ್ ಕಪ್ ಬಾಗಿಲು ಮುಚ್ಚಿತು. ನವೆಂಬರ್‌ನಲ್ಲಿ ಢಾಕಾದಲ್ಲಿ ಬಾಂಗ್ಲಾದೇಶದ ಎದುರೂ ಸೋಲು. ಸ್ಟೇಟಸ್ ಹಾಕಿದವರೇ ಆಮೇಲೆ ಫಾರಿನ್ ಕೋಚ್ ತರಬೇಕು ಅಂದರು. ತರಲಿ. ಅವನೂ ವಿಮಾನ ಇಳಿದು ಮೊದಲು ಕೇಳುವುದು, ಶಿಬಿರಕ್ಕೆ ಆಟಗಾರರು ಎಷ್ಟು ದಿನ ಸಿಗ್ತಾರೆ ಅಂತಲೇ.